ಊದುಬತ್ತಿಗೆ ಆರಡಿಯ ಲೆಕ್ಕವಿಲ್ಲ

ಮುಚ್ಚಿದ ಕೋಣೆಯಲ್ಲಿ ಕೋವಿಡ್‌ನಂಥ ವೈರಸ್ ಹಬ್ಬುವುದು ಹೆಚ್ಚಾಗಿ ಎಲ್ಲರೂ ಹಂಚಿಕೊಳ್ಳುವ ಗಾಳಿಯಿಂದ. ಹಾಗಾಗಿ ತರಗತಿ, ಕಚೇರಿ, ಕಲ್ಯಾಣ ಮಂಟಪಗಳೊಳಗೆ ಹೊರಗಿನ ಗಾಳಿ ಬರಲೇಬೇಕು. ಹೀಗೆಂದಾಗಲೆಲ್ಲ ಐದು ಆಕ್ಷೇಪಗಳು ಎದುರಾಗುತ್ತವೆ. ಒಂದೊಂದನ್ನೇ ಒರೆಗೆ ಹಚ್ಚುತ್ತೇನೆ, ತೀರ್ಪು ಓದುಗರದು.

"ಕೆಮ್ಮಿನ ಹನಿ ಭಾರ, ಆರಡಿಯೊಳಗೆ ನೆಲಕ್ಕೆ ಬೀಳುತ್ತದೆ, ದೂರ ನಿಂತರೆ ಸಾಕು." ದೊಡ್ಡ ಹನಿ ಬೀಳುತ್ತದೆ, ನಿಜ. ಮಾತಿನಲ್ಲಿ, ಬರೀ ಉಸಿರಿನಲ್ಲಿ ಹೊರಬೀಳುವ ಸಣ್ಣ ಕಣಗಳ ಬಗ್ಗೆ ಈ ವಾದಕ್ಕೆ ಬಾಯಿಲ್ಲ. 5 ಮೈಕ್ರಾನ್ ದಾಟಿದ ಕಣವೆಲ್ಲ ಬೇಗ ಬೀಳುತ್ತದೆಂದು ದಶಕಗಳ ಕಾಲ ಹೇಳಿಕೊಡಲಾಯಿತು. ಆದರೆ ಆ ಗಾತ್ರದ ಕಣ ನಿಶ್ಚಲ ಗಾಳಿಯಲ್ಲೂ ಬಾಯಿಯ ಎತ್ತರದಿಂದ ನೆಲ ಮುಟ್ಟಲು ಸುಮಾರು ಅರ್ಧ ಗಂಟೆ ಬೇಕು. ಬೇಗ ಬೀಳುವ ಹನಿಯ ಗಡಿಯನ್ನು ಸಂಶೋಧಕ ವಿಲಿಯಂ ವೆಲ್ಸ್ 1934ರಲ್ಲೇ 100 ಮೈಕ್ರಾನ್ ಆಸುಪಾಸಿನಲ್ಲಿ ಗುರುತಿಸಿದ್ದರು. ನಂಬಿಕೆ ಬರದಿದ್ದರೆ ಕಿಟಕಿ, ಬಾಗಿಲು ಮುಚ್ಚಿ ಮೂಲೆಯಲ್ಲೊಂದು ಊದುಬತ್ತಿ ಹಚ್ಚಿ. ಎದುರು ಮೂಲೆಯಲ್ಲಿ ಕೂತವರ ಮೂಗಿಗೆ ಅದರ ಹೊಗೆ ಅಡ್ಡಿಯಿಲ್ಲದೆ ತಲುಪುತ್ತದೆ.

"ಗಾಳಿಯಲ್ಲಿ ಹರಡುವುದಾಗಿದ್ದರೆ ದಡಾರದಂತೆ ಎಲ್ಲರಿಗೂ ಅಂಟಬೇಕಿತ್ತು." ಹಾಗಿದ್ದರೆ ಕ್ಷಯವನ್ನು ಎಲ್ಲಿಡುತ್ತೀರಿ? ಅದು ದಡಾರದ ವೇಗದಲ್ಲಿ ಅಂಟುವುದಿಲ್ಲ, ಆದರೂ ಹರಡುವುದು ಗಾಳಿಯಲ್ಲೇ. 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿ ತಂಡ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಗಿನಿ ಹಂದಿಗಳ ಗೂಡಿಗೆ ಹಾಯಿಸಿತು. ರೋಗಿಗಳ ಹತ್ತಿರವೂ ಸುಳಿಯದ ಹಂದಿಗಳಿಗೆ ಕ್ಷಯ ಬಂತು. ಎಷ್ಟು ಬೇಗ ಅಂಟುತ್ತದೆ ಎಂಬುದು ಒಂದು ಪ್ರಶ್ನೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಇನ್ನೊಂದು. ಎರಡನ್ನೂ ಕಲಸಿದರೆ ಅದು ವಾದವಾಗುವುದಿಲ್ಲ.

"ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಅಲ್ಲಗಳೆದಿದೆ." ಅಲ್ಲಗಳೆದದ್ದು 2020ರ ಮಾರ್ಚ್ 28ರಂದು. ಅದೇ ವರ್ಷ ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರದಲ್ಲಿ ಪ್ರಶ್ನಿಸಿದರು. 2021ರಲ್ಲಿ ಸಂಸ್ಥೆಯೇ ಗಾಳಿಯ ದಾರಿಯನ್ನು ಒಪ್ಪಿತು. ರದ್ದಾದ ಆದೇಶದ ಪ್ರತಿ ಹಿಡಿದು ವಾದಿಸಿದರೆ ಕೇಸು ನಿಲ್ಲುವುದಿಲ್ಲ.

"ಪೂರ್ತಿ ಪುರಾವೆ ಸಿಗಲಿ, ಆಮೇಲೆ ನೋಡೋಣ." ಬೀದಿಗಳಿಗೆ ಹೈಪೋಕ್ಲೋರೈಟ್ ಸಿಂಪಡಿಸುವಾಗ, ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚುವಾಗ ಈ ಎಚ್ಚರ ಎಲ್ಲಿತ್ತು? ಪುರಾವೆಯೇ ಬೇಕಿದ್ದರೆ ಚೀನಾದ ಗುವಾಂಗ್‌ಝೌ ನಗರದ ಹೋಟೆಲೊಂದನ್ನು ನೋಡಿ. 2020ರ ಜನವರಿ 24, ಕಿಟಕಿಯಿಲ್ಲದ ಮಹಡಿ, ಒಂದೇ ಎಸಿಯ ಗಾಳಿ ಸುತ್ತುತ್ತಿದ್ದ ಮೂರು ಮೇಜು. ಊಟಕ್ಕೆ ಬಂದ ಒಬ್ಬರಲ್ಲಿದ್ದ ಸೋಂಕು ಮೂರು ಕುಟುಂಬಗಳ ಇನ್ನೂ ಒಂಬತ್ತು ಜನರಲ್ಲಿ ಕಾಣಿಸಿತು. ಆ ಸುತ್ತಿನಿಂದ ಹೊರಗೆ ಕೂತವರಿಗೆ ಅಂಟಲಿಲ್ಲ. "ಎಸಿ ಇದೆಯಲ್ಲ" ಎನ್ನುವವರಿಗೂ ಇದೇ ಉತ್ತರ: ಗೋಡೆಯ ಸ್ಪ್ಲಿಟ್ ಎಸಿ ಕೋಣೆಯದೇ ಗಾಳಿಯನ್ನು ಎಳೆದು, ತಣಿಸಿ, ಕೋಣೆಗೇ ಬಿಡುತ್ತದೆ. ಹೊರಗಿನ ಪೆಟ್ಟಿಗೆ ಬಿಸಿಯನ್ನು ಹೊರಹಾಕುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ.

"ಕಿಟಕಿ ತೆರೆದರೆ ಧೂಳು, ಸೊಳ್ಳೆ." ಐದರಲ್ಲಿ ಪ್ರಾಮಾಣಿಕ ಆಕ್ಷೇಪ ಇದೊಂದೇ. ಸೊಳ್ಳೆಗೆ ಜಾಲರಿ ಇದೆ. ಧೂಳಿನ ರಸ್ತೆ ಪಕ್ಕದ ಕೋಣೆಗೆ ಹೆಪಾ ಫಿಲ್ಟರ್ ಇದೆ. ಉಳಿದೆಡೆಗೆ ಎಕ್ಸಾಸ್ಟ್ ಫ್ಯಾನ್ ಸಾಕು. ಒಗ್ಗರಣೆಯ ಘಾಟು ತಡೆಯಲಾರದೆ ಅಡುಗೆಮನೆಗೆ ಅದನ್ನು ಹಾಕಿಸಿಕೊಂಡಿದ್ದೇವೆ. ಅರವತ್ತು ಮಕ್ಕಳು ದಿನವಿಡೀ ಒಬ್ಬರ ಉಸಿರನ್ನು ಇನ್ನೊಬ್ಬರು ಸೇದುವ ತರಗತಿಗೂ ಹಾಕಿಸೋಣ.