ಭಯದ ವ್ಯಾಪಾರ ಬೇಡ
ಕರುಳಿನ ಕ್ಯಾನ್ಸರ್ ಗಡ್ಡೆಯಲ್ಲಿಯೂ ಭ್ರೂಣದ ಕರುಳಿನಲ್ಲಿಯೂ ಇರುವ ಸಿ.ಇ.ಎ. ಎಂಬ ಪ್ರೋಟೀನನ್ನು 1965ರಲ್ಲಿ ಕೆನಡಾದ ಗೋಲ್ಡ್ ಮತ್ತು ಫ್ರೀಡ್‌ಮನ್ ಪ್ರಕಟಪಡಿಸಿದರು. ರಕ್ತಪರೀಕ್ಷೆಯೊಂದರಿಂದಲೇ ರೋಗವನ್ನು ಮೊದಲೇ ಹಿಡಿಯಬಹುದೆಂದು ಜಗತ್ತು ಆಶಿಸಿತು.

ಆದರೆ ಆ ಪ್ರೋಟೀನಿನ ಜೀನ್ ಒಂಟಿಯಲ್ಲ. 19ನೆಯ ವರ್ಣತಂತುವಿನಲ್ಲಿ ಅಕ್ಕಪಕ್ಕ ನೆಲೆಸಿರುವ ದೊಡ್ಡ ಕುಟುಂಬಕ್ಕೆ ಸೇರಿದ್ದು. ಒಡಹುಟ್ಟುಗಳ ಹೋಲಿಕೆ ಆರಂಭದ ಪರೀಕ್ಷೆಗಳನ್ನು ದಾರಿ ತಪ್ಪಿಸಿತು. ಆರೋಗ್ಯವಂತ ಕರುಳೂ ಸಿ.ಇ.ಎ. ತಯಾರಿಸುತ್ತದೆ. ಹೊಗೆಸೊಪ್ಪು ಸೇದುವವರಲ್ಲಿ, ಯಕೃತ್ತಿನ ರೋಗಿಗಳಲ್ಲಿ ಕ್ಯಾನ್ಸರಿಲ್ಲದೆಯೂ ಅದು ಏರೀತು. ಕ್ಯಾನ್ಸರಿನ ಆರಂಭದಲ್ಲಿ ಏರದೆಯೂ ಇದ್ದೀತು.

ಶಸ್ತ್ರಚಿಕಿತ್ಸೆಯ ತರುವಾಯ ರೋಗ ಮರುಕಳಿಸಿತೇ ಎಂದು ನೋಡುವುದಕ್ಕೆ ಅದು ನಿಜಕ್ಕೂ ಉಪಯುಕ್ತ. ಆರೋಗ್ಯವಂತರನ್ನು ಹೆದರಿಸಿ ಅದನ್ನು ಮಾರುವುದು ವಿಜ್ಞಾನವಲ್ಲ, ಸುಲಿಗೆ. ಬೇಕಾದ ಬಡರೋಗಿಗೆ ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ದೊರೆಯಬೇಕು. ಬೇಡದವನ ಜೇಬಿಗೆ ಕೈ ಹಾಕುವುದು ನಿಲ್ಲಬೇಕು. ಇದು ನಮ್ಮ ಒತ್ತಾಯ.