ಚೀಟಿ ಸಾಕು, ಚಿಕಿತ್ಸೆ ಬೇಕು!

ಆವರಗೆರೆಯ ತಾಯಂದಿರೇ, ತಂದೆಯರೇ, ದುಡಿಯುವ ಬಂಧುಗಳೇ,

ಮೊನ್ನೆ ಶಾಮಿಯಾನ ಹಾಕಿ, ನಮ್ಮ ಮಕ್ಕಳ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. "ಹುಳುಕಿದೆ, ಡಾಕ್ಟರಿಗೆ ತೋರಿಸಿ" ಎಂದು ಚೀಟಿ ಬರೆದರು. ಬೆರಳುದ್ದದ ಪೇಸ್ಟ್ ಕೊಟ್ಟು, ಫೋಟೊ ತೆಗೆಸಿಕೊಂಡು ಹೊರಟೇಹೋದರು. ಚೀಟಿ ನಮ್ಮ ಕೈಯಲ್ಲಿ, ನೋವು ಮಕ್ಕಳ ಬಾಯಲ್ಲಿ! ಇದಕ್ಕೆ ದಂತ ಶಿಬಿರ ಅಂತ ಹೆಸರು.

ಇದು ನಡೆದದ್ದು ಯಾವ ಊರಲ್ಲಿ? ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂದು ಎರಡೆರಡು ದಂತ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ! ಎಲ್ಲೆಲ್ಲಿಂದಲೋ ಬಂದವರು ಇಲ್ಲಿ ಹಲ್ಲಿನ ವಿದ್ಯೆ ಕಲಿಯುತ್ತಾರೆ. ಆವರಗೆರೆಯ ಮಗು ಮಾತ್ರ ಹಲ್ಲಿಗೆ ಲವಂಗ ಒತ್ತಿಕೊಂಡು ರಾತ್ರಿ ಕಳೆಯುತ್ತದೆ.

ಹುಳುಕು ಅಂದರೂ ಹಲ್ಲಿನೊಳಗೆ ಯಾವ ಹುಳವೂ ಇಲ್ಲ. ಬೀಜದ ಹೊಗೆ ಹಾಕಿ ಹುಳ ಬೀಳಿಸುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಹಲ್ಲಿಗೆ ಅಂಟಿದ ಸಕ್ಕರೆಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಕರಗಿದ್ದನ್ನು ಜೊಲ್ಲು ತಕ್ಕಮಟ್ಟಿಗೆ ಸರಿಮಾಡುತ್ತದೆ. ಆದರೆ ಮಗು ಗಳಿಗೆಗೊಂದು ಬಿಸ್ಕತ್ತು, ಚಾಕಲೇಟ್ ತಿನ್ನುತ್ತಿದ್ದರೆ ಜೊಲ್ಲಿಗೆ ಬಿಡುವೆಲ್ಲಿ? ಮೊದಲು ಬಿಳಿ ಮಚ್ಚೆ ಕಾಣುತ್ತದೆ; ಆಗಲೇ ಫ್ಲೋರೈಡ್ ಹಚ್ಚಿದರೆ ಅಲ್ಲಿಗೇ ನಿಲ್ಲಿಸಬಹುದು. ತೂತಾದರೆ ಫಿಲ್ಲಿಂಗ್. ನರ ಮುಟ್ಟಿದರೆ ರೂಟ್ ಕೆನಾಲ್. ದುಡ್ಡಿಲ್ಲದವರಿಗೆ? ಕೀಳುವುದು! ಉಳ್ಳವರ ಹಲ್ಲು ಉಳಿಯುತ್ತದೆ, ಬಡವರ ಹಲ್ಲು ಬುಟ್ಟಿಗೆ ಬೀಳುತ್ತದೆ.

"ಹಾಲುಹಲ್ಲು ತಾನೆ, ಬಿದ್ದು ಹುಟ್ಟುತ್ತೆ ಬಿಡಿ" ಅನ್ನುವ ಮಹಾಪಂಡಿತರೇ, ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಬರುವ ದವಡೆಹಲ್ಲು ಶಾಶ್ವತದ್ದು. ಅದು ಹೋದರೆ ನೀವು ಹುಟ್ಟಿಸಿಕೊಡುತ್ತೀರಾ?

"ನಮ್ಮಜ್ಜ ಬೇವಿನಕಡ್ಡಿಯಲ್ಲೇ ಉಜ್ಜಿದ" ಅನ್ನುವವರೇ, ಸರಿ. ಅಜ್ಜನಿಗೆ ದಿನಕ್ಕೆರಡು ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಯಾರು ಕೊಡಿಸುತ್ತಿದ್ದರು?

"ಫ್ಲೋರೈಡ್ ವಿಷ, ಜಗಳೂರು ನೋಡಿ" ಅನ್ನುವವರೇ, ಜಗಳೂರಿನ ಜನರನ್ನು ಕಾಡಿದ್ದು ಕೊಳವೆಬಾವಿ ನೀರಿನ ಅತಿಯಾದ ಫ್ಲೋರೈಡ್. ಮಗುವಿನ ಬ್ರಷ್ಷಿನ ಮೇಲಿನ ಅಕ್ಕಿಕಾಳಿನಷ್ಟು ಪೇಸ್ಟ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು.

"ದಂತ ಕಾಲೇಜಿಗೆ ಹೋಗಿ, ಅಲ್ಲಿ ಖರ್ಚು ಕಡಿಮೆ" ಅನ್ನುವವರೇ, ಮೂರು ಸಲ ಬನ್ನಿ ಅಂದರೆ ಹಮಾಲಿಗೆ, ಗಾರೆ ಕೆಲಸದವನಿಗೆ ಮೂರು ದಿನದ ಕೂಲಿ ಖೋತಾ. ಅದನ್ನು ನೀವು ತುಂಬಿಕೊಡಿ, ಇವತ್ತೇ ಹೋಗುತ್ತೇವೆ!

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಜಾರಿಯಲ್ಲಿದೆ. ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ನೋಡಿದ ಮೇಲೆ ಉಚಿತ ಚಿಕಿತ್ಸೆಯೂ ಅದರ ಭಾಗ. ಹಾಗಿದ್ದೂ ನಮಗೆ ಬಂದದ್ದು ಚೀಟಿ! ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಕಟ್ಟುಹಲ್ಲು ಕೊಡಲು ಸರ್ಕಾರದವರು ದಂತ ಭಾಗ್ಯ ಯೋಜನೆ ಮಾಡಿದರು, ಸಂತೋಷ. ಇರುವ ಹಲ್ಲು ಉಳಿಸುವ ಭಾಗ್ಯ ಯಾವಾಗ?

ಇನ್ನು ನಮ್ಮ ಊರಿನ ಮುಖಂಡರು. ಗಣಪತಿ ಡಿಜೆಗೆ ಮನೆಮನೆ ಪಟ್ಟಿ ಎತ್ತುವ ಯುವಕರಿಗೆ ಮಕ್ಕಳ ಹಲ್ಲು ಕಾಣುವುದಿಲ್ಲ. ಶಿಬಿರದ ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತವರಂತೂ ಚೀಟಿ ಏನಾಯಿತು ಎಂದು ಕೇಳಲೇ ಇಲ್ಲ. ಕೂಲಿಗಾಗಿ ಬೀದಿಗಿಳಿದವರಿಗೆ "ಹಲ್ಲು ಸಣ್ಣ ವಿಷಯ"ವಂತೆ. ನೋವಿಗೆ ಊಟ ಬಿಟ್ಟ ಮಗುವಿನ ಮುಂದೆ ನಿಂತು ಹಾಗೆ ಹೇಳಲಿ!

ನಮ್ಮ ಮನೆಯಲ್ಲಿ ನಾವು ಮಾಡಬೇಕಾದದ್ದನ್ನು ಮಾಡೋಣ: ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟ್, ಮೂರು ವರ್ಷ ದಾಟಿದ ಮಕ್ಕಳಿಗೆ ಬಟಾಣಿಯಷ್ಟು. ಸಿಹಿ ಊಟದ ಜೊತೆಗಷ್ಟೇ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಕೂಸನ್ನು ಮಲಗಿಸಬೇಡಿ. ಆದರೆ ಬ್ರಷ್ ಹಿಡಿದರೆ ಆಗಲೇ ಆದ ತೂತು ಮುಚ್ಚುವುದಿಲ್ಲ. ಅದನ್ನು ಮುಚ್ಚಿಸಿಕೊಡುವುದು ಸರ್ಕಾರದ ಹೊಣೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚೆ ನಮ್ಮ ಮಕ್ಕಳ ಹಲ್ಲಿಗೆ ಆವರಗೆರೆಯಲ್ಲೇ ಚಿಕಿತ್ಸೆ ಸಿಗಬೇಕು. ಸಿಗದಿದ್ದರೆ ಸುಮ್ಮನೆ ಕೂರುವುದಿಲ್ಲ. ರಾತ್ರಿ ಮಕ್ಕಳ ಹಲ್ಲುಜ್ಜಿಸಿ, ಬೆಳಿಗ್ಗೆ ನಮ್ಮ ಜೊತೆ ಬೀದಿಗೆ ಬನ್ನಿ!

— ಆವರಗೆರೆಯ ನೊಂದ ಪೋಷಕರು

(ಓದಿ, ಪಕ್ಕದ ಮನೆಗೆ ಕೊಡಿ.)