ಬಿತ್ತನೆಗೆ ತೆಗೆದಿಟ್ಟ ರಾಗಿ

"ಕ್ಲಾಸಿನಲ್ಲಿ ಶಿಲುಬೆ ಹಾಕಿಕೊಳ್ಳಲು ನಾಚಿಕೆ ಸಾರ್" ಎಂದ ಅಗರದ ಹುಡುಗನೊಬ್ಬ. ಅವನಿಗೆ ಈ ಸಂಗತಿ ಹೇಳಿದೆ.

1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಂಗಳೂರಿನ ಮಿಲಾಗ್ರಿಸ್ ಚರ್ಚೂ ನೆಲಸಮವಾಯಿತು. ಅನೇಕರು ದಾರಿಯಲ್ಲೇ ಸತ್ತರು; ಕೆಲವರು ಬಲವಂತಕ್ಕೆ ಮಣಿದರು. 1799ರಲ್ಲಿ ಬಿಡುಗಡೆಯಾಯಿತು. ಉಳಿದವರಲ್ಲಿ ಹಲವರು ಊರಿಗೆ ಮರಳಿ ಮತ್ತೆ ಚರ್ಚು ಕಟ್ಟಿದರು. ಸೆರೆಯಲ್ಲೇ ಬೆಳೆದ ಮಕ್ಕಳಿಗೆ ಹದಿನೈದು ವರ್ಷ ಜಪ ಕಲಿಸಿದವರು ಯಾರು? ಹೆತ್ತವರಲ್ಲದೆ ಇನ್ಯಾರು?

ವಿದ್ಯಾರ್ಥಿಗಳೇ, ಒಣಗಿದ ರಾಗಿಕಾಳಿನಲ್ಲೂ ಜೀವವಿರುತ್ತದೆ, ನೀರು ಸೋಕಿದರೆ ಮೊಳೆಯುತ್ತದೆ. ಆದರೆ ಬಿತ್ತನೆಗೆಂದು ಯಾರಾದರೂ ತೆಗೆದಿಟ್ಟಿರಬೇಕು.

ತಂದೆತಾಯಂದಿರೇ, ಮಕ್ಕಳನ್ನು ಚರ್ಚಿಗೆ ಕಳುಹಿಸಿ ಸುಮ್ಮನಾಗಬೇಡಿ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಜೊತೆಯಲ್ಲಿ ಕುಳಿತು ಪ್ರಾರ್ಥಿಸಿ. ಪಕ್ಕದ ಮನೆಯವರ ನಂಬಿಕೆಯನ್ನು ಗೌರವಿಸುವುದನ್ನೂ ಕಲಿಸಿ. ಧೈರ್ಯವೆಂದರೆ ಜಗಳವಲ್ಲ.